ಅಧಿವೇಶನಕ್ಕೆ ಮುಂಚೆಯೇ ಕಾಗದ ತಲುಪಲಿ

ಮಸೂದೆ ಹುಡುಕಿ ಓದುವುದು, ಶಾಸಕರಿಗೆ ಬರೆಯುವುದು, ಸದನದಲ್ಲಿ ನಮ್ಮೂರಿನ ವಿಷಯ ಎತ್ತಿಸುವುದು. ಈ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳನ್ನು ಪತ್ರಿಕೆಯವರು ನನಗೆ ಕಳಿಸಿದ್ದಾರೆ. ನಾನು ವಿಧಾನಮಂಡಲದಲ್ಲಿ ವರದಿಗಾರ್ತಿಯಾಗಿದ್ದವಳು. ಸಭಾಧ್ಯಕ್ಷರ ಪೀಠದ ಮುಂದಿನ ಮೇಜಿನಲ್ಲಿ ಕೂತು, ಸದಸ್ಯರು ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ನಮ್ಮ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಹೊಸನಗರದಲ್ಲಿದ್ದೇನೆ. ಯಾವ ಮಾತಿಗೆ ಮಂತ್ರಿಗಳು ಕಡತ ತಿರುವಿ ಉತ್ತರ ಹುಡುಕುತ್ತಿದ್ದರು, ಯಾವ ಮಾತಿಗೆ "ಪರಿಶೀಲಿಸುತ್ತೇವೆ" ಎಂದಷ್ಟೇ ಹೇಳಿ ಕೂರುತ್ತಿದ್ದರು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನು ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ನಗರ ಹೋಬಳಿ. ಕಂದಾಯ ಭೂಮಿಯಲ್ಲಿ ತಂದೆಯ ಕಾಲದ ಮನೆ, ಸ್ವಲ್ಪ ಅಡಿಕೆ ತೋಟ ಇದೆ. ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬರುತ್ತದೆ, ಸಂಪುಟ ಒಪ್ಪಿದೆ ಎಂದು ಊರಲ್ಲಿ ಮಾತು. ಸಂಪುಟ ಒಪ್ಪಿದರೆ ಕಾನೂನು ಆದ ಹಾಗೇ ಅಲ್ವಾ? ಇಲ್ಲದಿದ್ದರೆ ಮುಂದಿನದನ್ನು ತಿಳಿದುಕೊಳ್ಳುವುದು ಹೇಗೆ?
— ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು

ಉತ್ತರ: ಇಲ್ಲ, ಆಗುವುದಿಲ್ಲ. 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಕಂಪನಿಗಳ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು ಸಂಪುಟ ಒಪ್ಪಿತು. ಉದ್ಯಮದವರು ಜೋರಾಗಿ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಮಸೂದೆ ಸದನದ ಮೇಜಿನವರೆಗೂ ಬರಲಿಲ್ಲ. ಬೇಕೋ ಬೇಡವೋ ಎಂಬ ಚರ್ಚೆಯನ್ನು ಪಕ್ಕಕ್ಕಿಡಿ. ಬೇಗ ಮಾತಾಡಿದವರ ಮಾತಿಗೆ ಬೆಲೆ ಬಂತು ಎಂಬುದನ್ನು ಮಾತ್ರ ಗಮನಿಸಿ.

ಸಂಪುಟ ಒಪ್ಪಿದ ಮೇಲೆ ಮಂತ್ರಿಗಳು ಮಸೂದೆಯನ್ನು ಸದನದಲ್ಲಿ ಮಂಡಿಸುತ್ತಾರೆ. ಆಗ ಪ್ರತಿಗಳನ್ನು ಸದಸ್ಯರಿಗೆ ಹಂಚುತ್ತಾರೆ. ಇನ್ನೊಂದು ದಿನ ಪರ್ಯಾಲೋಚನೆ, ಅಂದರೆ ಅದರ ಮೇಲಿನ ಚರ್ಚೆ, ನಡೆಯುತ್ತದೆ. ಖಂಡ ಖಂಡವಾಗಿ, ಅಂದರೆ ಒಂದೊಂದು ಕಲಮನ್ನೂ ಬೇರೆ ಬೇರೆಯಾಗಿ, ಮತಕ್ಕೆ ಹಾಕಿ ಅಂಗೀಕರಿಸುತ್ತಾರೆ. ನಂತರ ಅದು ವಿಧಾನ ಪರಿಷತ್ತಿಗೆ, ಅಲ್ಲಿಂದ ರಾಜ್ಯಪಾಲರಿಗೆ ಹೋಗುತ್ತದೆ. ಅವರು ಅಂಕಿತ ಹಾಕಿ ರಾಜ್ಯಪತ್ರದಲ್ಲಿ ಅಚ್ಚಾದ ಮೇಲೆ ಕಾಯ್ದೆ. ಇಷ್ಟರಲ್ಲಿ ಮಂಡನೆಗೂ ಪರ್ಯಾಲೋಚನೆಗೂ ನಡುವಿನ ಬಿಡುವು ನಿಮ್ಮದು. ಎಷ್ಟೋ ಸಲ ಅದು ಒಂದೆರಡೇ ದಿನ. ಗಲಾಟೆಯ ನಡುವೆ ಮಸೂದೆಗಳು ನಿಮಿಷಗಳಲ್ಲಿ ಧ್ವನಿಮತದಿಂದ ಅಂಗೀಕಾರವಾದಾಗ ಬರೆದುಕೊಳ್ಳಲು ನಮಗೆ ಹೆಚ್ಚೇನೂ ಇರುತ್ತಿರಲಿಲ್ಲ. ಜನರ ಜಮೀನು, ಮನೆ, ಕೂಲಿ ಎಲ್ಲ ಅದರಲ್ಲಿರುತ್ತಿತ್ತು. ಆಗೆಲ್ಲ ನನಗೆ ಸಂಕಟವಾಗುತ್ತಿತ್ತು, ಈಗಲೂ ಆಗುತ್ತದೆ.

ಈ ವಿಷಯದಲ್ಲಿ ಮಲೆನಾಡಿನವರು ಮರೆಯಬಾರದ ಉದಾಹರಣೆ ಭೂಕಬಳಿಕೆ ನಿಷೇಧ ಕಾಯ್ದೆ. ಬೆಂಗಳೂರು ಸುತ್ತಮುತ್ತ ಸರ್ಕಾರಿ ಭೂಮಿ ನುಂಗಿದವರ ಬಗ್ಗೆ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಸದನ ಸಮಿತಿ 2007ರಲ್ಲಿ ವರದಿ ಕೊಟ್ಟಿತ್ತು. ಅಂಥವರನ್ನು ಹಿಡಿಯಬೇಕೆಂಬ ಒತ್ತಡದಲ್ಲಿ ಬಂದ ಕಾನೂನು ಇದು. ಹೆಸರಿನಲ್ಲಿ 2011 ಎಂದಿದೆ. ರಾಷ್ಟ್ರಪತಿಗಳ ಅಂಕಿತಕ್ಕೆ ಹೋಗಿ ಬಂದು, ಕಾಯ್ದೆಯಾಗಿ ಸಂಖ್ಯೆ ಸಿಕ್ಕಿದ್ದು 2014ರಲ್ಲಿ. ಆ ಸಾಲಿನ 38ನೇ ಕಾಯ್ದೆ. ವಿಶೇಷ ನ್ಯಾಯಾಲಯ ಇರುವುದು ಬೆಂಗಳೂರಿನಲ್ಲಿ. ತೋಟದ ಅಂಚಿನಲ್ಲಿ ಒಂದಿಷ್ಟು ಜಾಗ ಸೇರಿಸಿಕೊಂಡ ಸಾಗರ, ತೀರ್ಥಹಳ್ಳಿ, ಕೊಪ್ಪ ಕಡೆಯ ಸಣ್ಣ ರೈತರೂ ನೋಟಿಸ್ ಹಿಡಿದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುವಂತಾಯಿತು. ಗ್ರಾಮೀಣ ರೈತರನ್ನು ಇದರಿಂದ ಹೊರಗಿಡಿ ಎಂದು ಆಮೇಲೆ ವರ್ಷಗಟ್ಟಲೆ ಒತ್ತಾಯ ನಡೆಯಿತು. ಆದರೆ ಸರ್ಕಾರಿ ಭೂಮಿಯಲ್ಲಿ ಕೂತವರೆಲ್ಲ ಸಿಕ್ಕಿಬೀಳುವಂಥ ವ್ಯಾಖ್ಯೆ ಮಸೂದೆಯ ಮೊದಲ ಪುಟಗಳಲ್ಲೇ ಇತ್ತು. ಮಲೆನಾಡಿನಿಂದ ಒಂದು ಕಾಗದ ಆ ಹೊತ್ತಿಗೆ, "ಈ ವ್ಯಾಖ್ಯೆಯಲ್ಲಿ ಜೀವನಕ್ಕಾಗಿ ಸಾಗುವಳಿ ಮಾಡಿದವರನ್ನು ಬೇರೆ ಮಾಡಿ" ಎಂದು ಹೋಗಬೇಕಿತ್ತು.

ಹಾಗಾಗಿ ನಿಮ್ಮ ತಿದ್ದುಪಡಿ ಮಸೂದೆ ಮಂಡನೆಯಾದ ದಿನವೇ ಪ್ರತಿ ಹುಡುಕಿ. ವಿಧಾನಮಂಡಲದ ಜಾಲತಾಣದಲ್ಲಿ ಅಂದಿನ ಕಾರ್ಯಕಲಾಪಗಳ ಪಟ್ಟಿ ಇರುತ್ತದೆ. ಮಸೂದೆ, ಕಾಯ್ದೆ, ಸುಗ್ರೀವಾಜ್ಞೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಮಸೂದೆಯನ್ನು ಅಲ್ಲಿ "ವಿಧೇಯಕ" ಎಂದು ಬರೆದಿರುತ್ತಾರೆ. ಅದಕ್ಕೆ ಒಂದು ಸಂಖ್ಯೆ ಇರುತ್ತದೆ, ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಿ ಕೇಳಿದರೂ ಆ ಸಂಖ್ಯೆ ಹೇಳಿದರೆ ಕೆಲಸ ಸುಲಭ.

ಓದುವಾಗ ಹಿಂದಿನಿಂದ ಶುರು ಮಾಡಿ. ಕೊನೆಯಲ್ಲಿ "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ" ಇರುತ್ತದೆ. ಯಾಕೆ ತರುತ್ತಿದ್ದಾರೆ ಎಂಬುದು ಅಲ್ಲಿ ಬಿಡಿಸಿ ಬರೆದಿರುತ್ತದೆ. ಅದರ ಹಿಂದೆ ಅನುಬಂಧ. ಈಗ ಜಾರಿಯಲ್ಲಿರುವ ಕಾಯ್ದೆಯ ಸಾಲುಗಳನ್ನು ಅಲ್ಲಿ ಎತ್ತಿ ಕೊಟ್ಟಿರುತ್ತಾರೆ. ತಿದ್ದುಪಡಿ ಮಸೂದೆಯಲ್ಲಿ "ಇಂಥ ಪ್ರಕರಣದಲ್ಲಿ ಈ ಪದಗಳ ಬದಲಿಗೆ ಈ ಪದಗಳನ್ನು ಪ್ರತಿಯೋಜಿಸತಕ್ಕದ್ದು" ಎಂದಷ್ಟೇ ಇರುವುದರಿಂದ (ಪ್ರಕರಣ ಎಂದರೆ ಕಾಯ್ದೆಯ ಕಲಂ), ಅನುಬಂಧವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಓದಿದರೆ ಏನೂ ಅರ್ಥವಾಗುವುದಿಲ್ಲ. ಮನೆಗೆ ಸಂಬಂಧಪಟ್ಟದ್ದಾದರೆ 94ಸಿ ಪ್ರಕರಣ, ಬಗರ್ ಹುಕುಂ ಸಾಗುವಳಿಯಾದರೆ 94ಎ, 94ಬಿ ಸುತ್ತಮುತ್ತ ಏನು ಬದಲಾಗಿದೆ ನೋಡಿ. ಆಮೇಲೆ ಒಂದನೇ ಖಂಡಕ್ಕೆ ಬನ್ನಿ. "ಸರ್ಕಾರ ಅಧಿಸೂಚನೆ ಮೂಲಕ ಗೊತ್ತುಪಡಿಸುವ ದಿನದಂದು ಜಾರಿಗೆ ಬರತಕ್ಕದ್ದು" ಎಂದಿದ್ದರೆ, ಅಂಕಿತ ಬಿದ್ದ ಮೇಲೂ ಆ ಅಧಿಸೂಚನೆಗೆ ಕಾಯಬೇಕು.

ಇನ್ನೊಂದು ಮಾತು. ನಿಮ್ಮದು ಹೊಸನಗರ ತಾಲ್ಲೂಕು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರ ಹೋಯಿತು. ತಾಲ್ಲೂಕಿನ ಒಂದು ಭಾಗ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ ಸೇರಿದೆ. ಕಾಗದ ಬರೆಯುವ ಮುಂಚೆ ನಿಮ್ಮ ಊರು ಯಾವ ಕಡೆಗಿದೆ ಎಂದು ಮತದಾರರ ಪಟ್ಟಿಯಲ್ಲಿ ನೋಡಿಕೊಳ್ಳಿ. ಬೇರೆ ಕ್ಷೇತ್ರದ ಶಾಸಕರ ಕಚೇರಿಗೆ ಮಾತ್ರ ಹೋದ ಅರ್ಜಿ ಅಲ್ಲೇ ಉಳಿಯುತ್ತದೆ.

ಪ್ರಶ್ನೆ: ನಾವು ಕಾಗೋಡಿನ ಹೋರಾಟದ ಕಥೆ ಕೇಳುತ್ತಾ ಬೆಳೆದವರು. ಬೀದಿಗಿಳಿದರೆ ಸರ್ಕಾರ ಕೇಳುತ್ತದೆ. ಹೀಗೆ ಖಂಡ, ಪ್ರಕರಣ ಎಂದು ಕಾಗದ ಬರೆಯುತ್ತಾ ಕೂತರೆ ಏನಾಗುತ್ತದೆ?
— ಹಿರಿಯರು, ಸಾಗರ

ಉತ್ತರ: ನಿಮ್ಮ ಮಾತಿನ ಮೇಲೆ ನನಗೆ ಗೌರವವಿದೆ. ಆ ಕಥೆಯನ್ನೇ ಪೂರ್ತಿ ಹೇಳಿಕೊಳ್ಳೋಣ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ವಿಚಾರಕ್ಕೆ. ಒಡೆಯರ ಕೊಳಗ ದೊಡ್ಡದು ಎಂಬ ಖಚಿತವಾದ ದೂರು ಅದು. ಕಣದಲ್ಲಿ ಅಳೆದು ತೋರಿಸಬಹುದಾಗಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ದೇಶವೆಲ್ಲ ತಿರುಗಿ ನೋಡಿತು. ಮರುವರ್ಷ, 1952ರ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ಸದನಕ್ಕೆ ಹೋದರು. ಅಲ್ಲಿ ಗೇಣಿದಾರರ ಪರ ಮಾತಾಡಿದರು. ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ. ಸತ್ಯಾಗ್ರಹದಿಂದ ಕಾನೂನಿನವರೆಗೆ 20 ವರ್ಷಕ್ಕೂ ಜಾಸ್ತಿ ಹಿಡಿಯಿತು.

ಕಾನೂನು ಬಂದ ಮೇಲೆ ಏನಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಭೂನ್ಯಾಯ ಮಂಡಳಿಗೆ ಫಾರಂ 7, ಅಂದರೆ ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿ, ಕೊಟ್ಟವರಿಗೆ ಜಮೀನು ಸಿಕ್ಕಿತು. ಒಡೆಯರ ದಾಕ್ಷಿಣ್ಯಕ್ಕೋ ಹೆದರಿಕೆಗೋ ಗಡುವಿನೊಳಗೆ ಕೊಡದವರು ಕಳೆದುಕೊಂಡರು. ಅದೇ ಜನ, ಅದೇ ಹೋರಾಟ. ವ್ಯತ್ಯಾಸ ಮಾಡಿದ್ದು ಒಂದು ಫಾರಂ. ಬೀದಿಗೆ ಇಳಿಯಬೇಡಿ ಎಂದು ನಾನು ಹೇಳುವುದಿಲ್ಲ. ಅಧಿವೇಶನದ ಹೊತ್ತಿನಲ್ಲಿ ಬೆಳಗಾವಿಗೋ ಬೆಂಗಳೂರಿಗೋ ಹೋಗಿ ಧರಣಿ ಕೂರುವವರ ಕೈಯಲ್ಲಿ, ಮಂತ್ರಿಗಳಿಗೆ ಕೊಡುವ ಮನವಿಯ ಜೊತೆಗೆ, "ಇಂಥ ಖಂಡದಲ್ಲಿ ಈ ಪದ ತೆಗೆಯಿರಿ, ಈ ಪದ ಹಾಕಿ" ಎಂಬ ಒಂದು ಪುಟ ಇರಲಿ. ಧರಣಿ ನೋಡಿ ಮನಸ್ಸು ಕರಗಿದ ಶಾಸಕರೂ ಒಳಗೆ ಹೋಗಿ ತಿದ್ದುಪಡಿ ಸೂಚಿಸಬೇಕಾದರೆ ಅವರಿಗೆ ಆ ಪುಟವೇ ಬೇಕು.

ಪ್ರಶ್ನೆ: ಮೈಕ್ರೊಫೈನಾನ್ಸ್‌ನವರ ಕಾಟಕ್ಕೆ ಕಾನೂನು ಬಂತು ಎಂದರು. ನಮ್ಮ ಸಂಘದ ಹೆಂಗಸರ ಮನೆಗೆ ವಸೂಲಿಯವರು ಈಗಲೂ ಬರುತ್ತಾರೆ. ಮೊದಲು ಸುಗ್ರೀವಾಜ್ಞೆ ಅಂದರು, ಆಮೇಲೆ ಮಸೂದೆ ಅಂದರು. ಯಾವುದು ನಿಜ?
— ಸ್ವಸಹಾಯ ಸಂಘದ ಸದಸ್ಯೆ, ಆನವಟ್ಟಿ

ಉತ್ತರ: ಎರಡೂ ನಿಜ ತಂಗಿ. ಸದನ ನಡೆಯದೇ ಇರುವಾಗ ತುರ್ತು ಇದ್ದರೆ ರಾಜ್ಯಪಾಲರ ಮೂಲಕ ಸುಗ್ರೀವಾಜ್ಞೆ ಹೊರಡಿಸಬಹುದು. ಸದನ ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಅದು ಮಸೂದೆಯಾಗಿ ಅಂಗೀಕಾರವಾಗದಿದ್ದರೆ ಬಿದ್ದುಹೋಗುತ್ತದೆ. ಇದು ಸಂವಿಧಾನದ 213ನೇ ವಿಧಿ. ಕಿರು ಸಾಲದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು. 2025ರ ಫೆಬ್ರವರಿಯಲ್ಲಿ ಮತ್ತೆ ಹೋದಾಗ ಅಂಕಿತ ಹಾಕಿದರು. ಮಾರ್ಚ್ ಅಧಿವೇಶನದಲ್ಲಿ ಅದು ಮಸೂದೆಯಾಗಿ ಅಂಗೀಕಾರವಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ.

ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳನ್ನು ಈ ಕಾನೂನಿನಿಂದ ಹೊರಗಿಟ್ಟಿದ್ದಾರೆ. ಪತ್ರಿಕೆಗಳ ದೊಡ್ಡ ಅಕ್ಷರದಲ್ಲಿ ಜೈಲು, ದಂಡ ಬಂತು. ಹೊರಗಿಟ್ಟ ಸಾಲು ಜಾಸ್ತಿ ಜನರಿಗೆ ತಲುಪಲಿಲ್ಲ. ಯಾವ ಮಸೂದೆಯೇ ಬರಲಿ, "ಇದು ಇಂಥವರಿಗೆ ಅನ್ವಯವಾಗತಕ್ಕದ್ದಲ್ಲ" ಎಂಬ ಸಾಲು ಎಲ್ಲಿದೆ ಎಂದು ಮೊದಲು ಹುಡುಕಿ.

ನಿಮ್ಮ ಸಾಲದ ಪಾಸ್‌ಬುಕ್‌ನಲ್ಲಿ ಕಂಪನಿಯ ಹೆಸರು ನೋಡಿ, ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದದ್ದೋ ಅಲ್ಲವೋ ತಿಳಿದುಕೊಳ್ಳಿ. ಆಗಿದ್ದರೆ ಅವರಿಗೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಕಾಡುವಂತಿಲ್ಲ. ಮನೆಯ ಒಟ್ಟು ಸಾಲದ ಕಂತು ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡುವಂತಿಲ್ಲ. ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ, ಕಳಿಸಿ. ಮನೆಗೆ ಬಂದು ಬೆದರಿಸಿದರೆ ಅದು ಯಾವ ಕಂಪನಿಯೇ ಆಗಲಿ ಪೊಲೀಸ್ ದೂರು. ನೋಂದಣಿ ಇಲ್ಲದ ಲೇವಾದೇವಿಯವರಾದರೆ ಹೊಸ ಕಾಯ್ದೆಯೇ ನಿಮ್ಮ ಕೈಯಲ್ಲಿದೆ. ಸಂಘದ ಹೆಂಗಸರು ಒಬ್ಬೊಬ್ಬರೇ ಹೋಗಬೇಡಿ, ಜೊತೆಯಾಗಿ ಹೋಗಿ.

ಪ್ರಶ್ನೆ: ನಮ್ಮ ಶಾಸಕರು ವಿರೋಧ ಪಕ್ಷದವರು. ಅವರಿಗೆ ಬರೆದು ಪ್ರಯೋಜನ ಇದೆಯೇ?
— ವ್ಯಾಪಾರಿ, ಶಿಕಾರಿಪುರ

ಉತ್ತರ: ಇದೆ. ಪ್ರಶ್ನೆ ಕೇಳಲು, ತಿದ್ದುಪಡಿ ಸೂಚಿಸಲು ಅವರಿಗೆ ಯಾರ ಮುಲಾಜೂ ಇಲ್ಲ. ಆಡಳಿತ ಪಕ್ಷದ ಶಾಸಕರಾದರೆ ಮಂತ್ರಿಗಳ ಕೊಠಡಿಗೆ ಹೋಗಿ ಮಾತಾಡಿ ಕೆಲಸ ಮಾಡಿಸಬಹುದು. ಹಾಗಾಗಿ ನಿಮ್ಮ ಶಾಸಕರಿಗೆ ಬರೆದ ಕಾಗದವನ್ನೇ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರಿಗೂ ಕಳಿಸಿ.

ಪ್ರಶ್ನೆ: ನಾನು ಕಾಲೇಜು ಓದುತ್ತಾ ಸಂಜೆ ಹೊತ್ತು ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತೇನೆ. ಗಿಗ್ ಕಾರ್ಮಿಕರ ಕಾನೂನು ಬಂದಾಯಿತು. ಇನ್ನು ನಾವು ಮಾಡುವುದು ಏನೂ ಉಳಿದಿಲ್ಲವೇ? ವಿಧಾನ ಪರಿಷತ್ ಯಾತಕ್ಕಿದೆ ಎಂದೂ ತಿಳಿಸಿ.
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಈ ಕಾನೂನು ಬಂದ ದಾರಿ ನನಗೆ ಇಷ್ಟ. 2024ರಲ್ಲಿ ಕರಡು ಮಸೂದೆಯನ್ನು ಎಲ್ಲರಿಗೂ ಓದಲು ಕೊಟ್ಟು ಸಲಹೆ ಕೇಳಿದರು. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಆಗಸ್ಟ್ ಅಧಿವೇಶನದಲ್ಲಿ ಮಸೂದೆ ಅಂಗೀಕಾರವಾಯಿತು. ಕೆಲಸಗಾರರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಬಹುದು ಎಂದಿದೆ. ಒಂದಕ್ಕೂ ಐದಕ್ಕೂ ಎಷ್ಟು ಅಂತರ ನೋಡಿ. ಯಾವ ಕೆಲಸಕ್ಕೆ ಎಷ್ಟು ಎಂಬಂಥದ್ದನ್ನು ಸರ್ಕಾರ ಆಮೇಲೆ ಅಧಿಸೂಚನೆಯಲ್ಲಿ ಗೊತ್ತು ಮಾಡುತ್ತದೆ. ನೋಂದಣಿ ಹೇಗೆ, ದೂರು ಎಲ್ಲಿ ಎಂಬುದಕ್ಕೆ ನಿಯಮಗಳಿರುತ್ತವೆ.

ಜನ ಮಸೂದೆಯ ಗಲಾಟೆ ಮುಗಿದ ಕೂಡಲೇ ಮನೆಗೆ ಹೋಗಿಬಿಡುತ್ತಾರೆ. ಆದರೆ ಯಾವ ಕಾಯ್ದೆಯಲ್ಲೇ ಆಗಲಿ, ಕರಡು ನಿಯಮಗಳು ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆ, ಸಲಹೆಗೆ ಸಾಮಾನ್ಯವಾಗಿ 15 ಅಥವಾ 30 ದಿನ ಕೊಡುತ್ತಾರೆ. ಇ-ರಾಜ್ಯಪತ್ರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಆಕ್ಷೇಪಣೆ ಎಲ್ಲಿಗೆ ಕಳಿಸಬೇಕೆಂಬ ವಿಳಾಸ ಅದರಲ್ಲೇ ಇರುತ್ತದೆ. ಮಳೆಗಾಲದಲ್ಲಿ ಗೋಪಾಳದ ಕಡೆಯಿಂದ ವಿನೋಬನಗರಕ್ಕೆ ಬೈಕ್ ಓಡಿಸುವವರ ಕಷ್ಟ ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ತಾನಾಗಿ ತಿಳಿಯುವುದಿಲ್ಲ. ಬಿದ್ದು ಕೈ ಮುರಿದಾಗ ಯಾರು ದುಡ್ಡು ಕೊಟ್ಟರು, ಖಾತೆ ಬಂದ್ ಆದಾಗ ಎಷ್ಟು ದಿನ ಕೆಲಸ ಹೋಯಿತು ಎಂದು ನೀವು ನಾಲ್ಕೈದು ಗೆಳೆಯರು ಸೇರಿ ಬರೆಯಿರಿ. ಬಿಲ್ಲು, ಸ್ಕ್ರೀನ್‌ಶಾಟ್ ಜೊತೆಗಿರಲಿ.

ಪರಿಷತ್ತಿನ ವಿಷಯ. ಅಲ್ಲಿ 75 ಸದಸ್ಯರಿದ್ದಾರೆ. ವಿಧಾನಸಭೆ ಅಂಗೀಕರಿಸಿದ ಸಾಮಾನ್ಯ ಮಸೂದೆಯನ್ನು ಅವರು ಮೊದಲ ಸುತ್ತಿನಲ್ಲಿ ಮೂರು ತಿಂಗಳವರೆಗೆ ಇಟ್ಟುಕೊಳ್ಳಬಹುದು, ಹಣಕಾಸು ಮಸೂದೆಯಾದರೆ 14 ದಿನ. ಕೊನೆಯ ಮಾತು ವಿಧಾನಸಭೆಯದೇ. ಹಾಗೆಂದು ಅದನ್ನು ಕಡೆಗಣಿಸಬೇಡಿ. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಕೆಳಮನೆಯಲ್ಲಿ ಗೆದ್ದು ಪರಿಷತ್ತಿನಲ್ಲಿ ಬಿದ್ದಿತು. ಕೆಳಮನೆಯಲ್ಲಿ ಮಸೂದೆ ಅಂಗೀಕಾರವಾದ ದಿನ ಸುಮ್ನೆ ಕೈಚೆಲ್ಲಿ ಕೂರದೆ ಪರಿಷತ್ ಸದಸ್ಯರಿಗೆ ಬರೆದರೆ ಇನ್ನೂ ಸಮಯವಿರುತ್ತದೆ.

ನಮ್ಮ ಜಿಲ್ಲೆ ನೈರುತ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಿಗೆ ಸೇರಿದೆ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗೂ ಅದರಲ್ಲಿವೆ. ಪದವಿ ಮುಗಿಸಿ ಮೂರು ವರ್ಷವಾದ ಮೇಲೆ ನಮೂನೆ 18 ತುಂಬಿ ಕೊಟ್ಟರೆ ನೀವೂ ಅಲ್ಲಿ ಮತದಾರರು. ಈ ಪಟ್ಟಿಗೆ ಹೆಸರು ಸೇರಿಸಿದವರು ಕಡಿಮೆ. ಆದ್ದರಿಂದಲೇ ಅಲ್ಲಿನ ಸದಸ್ಯರಿಗೆ ಪ್ರತಿ ಪದವೀಧರರ ಕಾಗದವೂ ಮುಖ್ಯ. ನಿಮ್ಮ ಮನೆಯಲ್ಲಿ ಅಕ್ಕ, ಅಣ್ಣ ಪದವೀಧರರಿದ್ದರೆ ಈಗಲೇ ಅವರಿಂದ ಬರೆಸಿ.

ಪ್ರಶ್ನೆ: ಕಸ್ತೂರಿರಂಗನ್ ವರದಿ ಬೇಡ ಎಂದು ನಮ್ಮ ಶಾಸಕರು ಪ್ರತಿ ಅಧಿವೇಶನದಲ್ಲೂ ಮಾತಾಡುತ್ತಾರೆ. ಅದನ್ನು ರದ್ದು ಮಾಡುವ ಮಸೂದೆ ಯಾಕೆ ತರುವುದಿಲ್ಲ?
— ಕೃಷಿಕರು, ಆಗುಂಬೆ ಹೋಬಳಿ

ಉತ್ತರ: ತರಲು ಬರುವುದಿಲ್ಲ. ಆ ವರದಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸಿದ್ದು. ಅದನ್ನು ಜಾರಿಗೆ ತರುವುದು ಕೇಂದ್ರದ ಪರಿಸರ ಸಂರಕ್ಷಣಾ ಕಾಯ್ದೆ, 1986ರ ಅಡಿಯ ಅಧಿಸೂಚನೆ. ಕೇಂದ್ರ ಪರಿಸರ ಸಚಿವಾಲಯ 2014ರಿಂದ ಮತ್ತೆ ಮತ್ತೆ ಕರಡು ಹೊರಡಿಸುತ್ತಿದೆ. 2022ರ ಜುಲೈನಲ್ಲೂ ಬಂತು, 2024ರ ಜುಲೈ 31ಕ್ಕೂ ಬಂತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಅದರಲ್ಲಿದೆ. ರಾಜ್ಯ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ವರದಿಯನ್ನು ತಿರಸ್ಕರಿಸಿತು. ಅದು ರಾಜ್ಯದ ಅಭಿಪ್ರಾಯವಾಗಿ ದೆಹಲಿಗೆ ಹೋಗುತ್ತದೆ, ಅಷ್ಟೇ.

ಪ್ರತಿ ಕರಡಿಗೂ 60 ದಿನ ಆಕ್ಷೇಪಣೆಗೆ ಅವಕಾಶವಿರುತ್ತದೆ. ಆ 60 ದಿನ ನಿಮ್ಮದು. ಕರಡಿನ ಪಟ್ಟಿಯಲ್ಲಿ ನಿಮ್ಮ ಊರಿನ ಹೆಸರಿದೆಯೇ ನೋಡಿ. ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕಾರ್ಖಾನೆ, ದೊಡ್ಡ ಕಟ್ಟಡ ಯೋಜನೆ, ಇವುಗಳ ಮೇಲೆ ಕರಡಿನಲ್ಲಿ ನಿರ್ಬಂಧವಿದೆ. ಅಡಿಕೆ ತೋಟ ಕಿತ್ತುಕೊಳ್ಳುತ್ತಾರೆ, ದನ ಕಟ್ಟಲು ಬಿಡುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ಕರಡನ್ನು ನೀವೇ ಓದಿ. ಪರ ಇರಲಿ, ವಿರೋಧ ಇರಲಿ, ಓದಿ ಬರೆದ ಆಕ್ಷೇಪಣೆಯನ್ನು ಪರಿಗಣಿಸಲೇಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತುಂಗೆ ಶರಾವತಿಗಳು ಹುಟ್ಟುವ ಬೆಟ್ಟಗಳಲ್ಲಿ ಗಣಿ, ಕ್ವಾರಿ ಬೇಡ ಎನ್ನುವವಳು ನಾನು. ಆದರೆ ಅದನ್ನು ಊರಿನವರ ಜೊತೆ ಕೂತು ಗಡಿ ಗುರುತಿಸಿ ಮಾಡಬೇಕು.

ಶರಾವತಿ ಅಣೆಕಟ್ಟಿನಿಂದ ಮನೆ, ಜಮೀನು ಮುಳುಗಿದವರ ಭೂಮಿ ಬಗ್ಗೆ ಕೇಳಿದ ಇನ್ನೊಬ್ಬ ಓದುಗರಿಗೂ ಇದೇ ಉತ್ತರದ ಭಾಗ. ದಾಖಲೆಯಲ್ಲಿ ಅರಣ್ಯ ಎಂದಿರುವ ಭೂಮಿಯನ್ನು ಬಿಡಿಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಅನುಮತಿ ಮೊದಲು ಬೇಕು. ಶಾಸಕರಿಗೆ ಬರೆದ ಕಾಗದದ ಪ್ರತಿಯನ್ನು ಸಂಸದರಿಗೂ ಕಳಿಸಿ.

ಪ್ರಶ್ನೆ: ಶಾಸಕರಿಗೆ ಕಾಗದ ಹೇಗಿರಬೇಕು? ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದೇ?
— ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ವಾಟ್ಸ್‌ಆ್ಯಪ್ ನೆನಪಿಸಲು ಸಾಕು ಮೇಡಂ, ಕಾಗದದ ಜಾಗಕ್ಕೆ ಅಲ್ಲ. ಎಲ್ಲರೂ ಒಂದೇ ಬರಹ ಮುಂದಕ್ಕೆ ಕಳಿಸಿದರೆ ಶಾಸಕರ ಆಪ್ತ ಸಹಾಯಕರು ಮೊದಲನೆಯದನ್ನು ನೋಡಿ ಉಳಿದದ್ದನ್ನು ಬಿಡುತ್ತಾರೆ. ಒಂದೇ ಪುಟ ಬರೆಯಿರಿ, ಒಂದೇ ವಿಷಯ ಇರಲಿ. ನೀವು ಯಾರು, ಯಾವ ಊರು ಎಂಬುದು ಮೊದಲ ಸಾಲಿನಲ್ಲಿ ಬರಲಿ. ಹೀಗೆ:

"ಮಾನ್ಯರೇ, ನಾನು ನಿಮ್ಮ ಕ್ಷೇತ್ರದ ಇಂಥ ಊರಿನ ಮತದಾರಳು. ಈ ಅಧಿವೇಶನದಲ್ಲಿ ಮಂಡನೆಯಾದ ಇಂಥ ವಿಧೇಯಕದ 3ನೇ ಖಂಡದಲ್ಲಿ ಅರ್ಜಿ ಸಲ್ಲಿಸಲು 90 ದಿನ ಕೊಟ್ಟಿದ್ದಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಸರ್ವೆಯವರು ಬರುವುದಿಲ್ಲ. 90 ದಿನ ಎಂಬುದನ್ನು ಒಂದು ವರ್ಷ ಎಂದು ತಿದ್ದಲು ದಯವಿಟ್ಟು ಸೂಚನೆ ಕೊಡಿ."

ಇದು ಮಾದರಿ ಮಾತ್ರ. ಇಷ್ಟು ಸ್ಪಷ್ಟವಾಗಿದ್ದರೆ ಅದನ್ನು ಶಾಸಕರು ಸದನದಲ್ಲಿ ಹಾಗೇ ಓದಬಹುದು. ಓದಿದ್ದನ್ನು ನಾನು ಎಷ್ಟೋ ಸಲ ಬರೆದುಕೊಂಡಿದ್ದೇನೆ. ಮಳೆ, ಸರ್ವೆ ಎಂಬಂಥ ಊರಿನ ಕಾರಣ ಬಂದಾಗ ಬೇರೆ ಪಕ್ಷದವರೂ ತಲೆಯಾಡಿಸುತ್ತಿದ್ದರು. ಒಂದು ಊರಿನ ದೀರ್ಘಕಾಲದ ಸಮಸ್ಯೆಯಾದರೆ ವಿಧಾನಸಭೆಯ ಅರ್ಜಿಗಳ ಸಮಿತಿಗೆ ಶಾಸಕರೊಬ್ಬರ ಮೂಲಕ ಅರ್ಜಿ ಒಪ್ಪಿಸಬಹುದು. ಉಪಸಭಾಧ್ಯಕ್ಷರು ಅದರ ಅಧ್ಯಕ್ಷರು. ಅಧಿಕಾರಿಗಳನ್ನು ಕರೆಸಿ ಕೇಳುವ ಅಧಿಕಾರ ಅದಕ್ಕಿದೆ. ಇದನ್ನು ಬಳಸಿಕೊಳ್ಳುವವರು ಬಹಳ ಕಡಿಮೆ.

ಸದನ ನೋಡಲು ಮಕ್ಕಳನ್ನು ಕರೆದೊಯ್ಯಬಹುದೇ ಎಂದೂ ಕೇಳಿದ್ದೀರಿ. ಖಂಡಿತ. ಶಾಸಕರ ಶಿಫಾರಸಿನಿಂದ ಪ್ರೇಕ್ಷಕರ ಗ್ಯಾಲರಿಗೆ ಪಾಸ್ ಸಿಗುತ್ತದೆ. ಫೋನು ಒಳಗೆ ಬಿಡುವುದಿಲ್ಲ. ಪ್ರಶ್ನೋತ್ತರ ವೇಳೆಗೆ ಮುಟ್ಟುವಂತೆ ಹೋಗಿ.

ಪ್ರಶ್ನೆ: ಮಂಗನ ಕಾಯಿಲೆ ಬಗ್ಗೆ ಸದನದಲ್ಲಿ ಪ್ರಶ್ನೆ ಬಂತು, ಮಂತ್ರಿಗಳು ಕ್ರಮ ತೆಗೆದುಕೊಳ್ಳುತ್ತೇವೆ ಎಂದರು. ಆಮೇಲೆ ಏನೂ ಆದಂತಿಲ್ಲ. ಯಾರನ್ನು ಕೇಳಬೇಕು?
— ಆಶಾ ಕಾರ್ಯಕರ್ತೆ, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಕಾಗದ ಓದಿ ಮನಸ್ಸಿಗೆ ಭಾರವಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ. ಜಗತ್ತಿಗೆ ಅದು ನಮ್ಮ ಕಾಡಿನ ಹೆಸರಿನಿಂದಲೇ ಗೊತ್ತು. 2019ರಲ್ಲಿ ನಿಮ್ಮ ತಾಲ್ಲೂಕಿನ ಅರಲಗೋಡಿನಲ್ಲಿ ಈ ಕಾಯಿಲೆ ಹಬ್ಬಿದಾಗ ಏನಾಯಿತೆಂದು ನೀವು ಕಣ್ಣಾರೆ ಕಂಡಿದ್ದೀರಿ. ಹಳೆಯ ಲಸಿಕೆ 2022ರಲ್ಲಿ ನಿಂತಿತು.

ಮಂತ್ರಿಗಳು ಸದನದಲ್ಲಿ "ಮಾಡುತ್ತೇವೆ" ಎಂದದ್ದು ಗಾಳಿಗೆ ಹೋಗುವುದಿಲ್ಲ. ನಾವು ಬರೆದ ವರದಿಯಿಂದ ಅಂಥ ಮಾತುಗಳನ್ನು ಆರಿಸಿ ಪಟ್ಟಿ ಮಾಡುತ್ತಾರೆ. ಅದು ಸರ್ಕಾರಿ ಭರವಸೆಗಳ ಸಮಿತಿಗೆ ಹೋಗುತ್ತದೆ. ಸಮಿತಿ ಇಲಾಖೆಯನ್ನು ಕರೆದು "ಹೇಳಿದ್ದನ್ನು ಮಾಡಿದಿರಾ" ಎಂದು ಕೇಳುತ್ತದೆ. ಪ್ರಶ್ನೆ ಕೇಳಿದ ಶಾಸಕರ ಕಚೇರಿಯಿಂದ ಪ್ರಶ್ನೆಯ ಸಂಖ್ಯೆ, ದಿನಾಂಕ, ಉತ್ತರದ ಪ್ರತಿ ತೆಗೆದುಕೊಳ್ಳಿ. ಅದರ ಮೇಲೆ ಸಮಿತಿಯ ಅಧ್ಯಕ್ಷರಿಗೆ ಬರೆಯಿರಿ. ಆರೋಗ್ಯ ಇಲಾಖೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ನೀವು ಇಲಾಖೆಯಲ್ಲೇ ಕೆಲಸ ಮಾಡುವುದರಿಂದ ತೊಂದರೆಯಾದೀತು ಎನ್ನಿಸಿದರೆ ಊರಿನ ಬೇರೆ ಯಾರಾದರೂ ಸಹಿ ಮಾಡಲಿ, ಗ್ರಾಮ ಪಂಚಾಯಿತಿ ಸದಸ್ಯರಾದರೆ ಇನ್ನೂ ಒಳ್ಳೆಯದು.

ಇದರಲ್ಲಿ ಯಾವಾಗ ಕೇಳುತ್ತೇವೆ ಎಂಬುದು ದೊಡ್ಡ ವಿಷಯ. ಕಾಯಿಲೆ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ನಡುವೆ. ಬೆಳಗಾವಿಯ ಚಳಿಗಾಲದ ಅಧಿವೇಶನವೂ ಡಿಸೆಂಬರ್‌ನಲ್ಲೇ. ಅಲ್ಲಿ ಕೇಳಿದರೆ ಉತ್ತರ ಬರುವಷ್ಟರಲ್ಲಿ ಜನ ದರಗು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗಲು ಶುರು ಮಾಡಿರುತ್ತಾರೆ, ಕಾಯಿಲೆ ಹರಡುವ ಉಣುಗು ಎದ್ದಿರುತ್ತದೆ. ಮಳೆಗಾಲದ ಅಧಿವೇಶನ ನಡೆಯುವುದು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ. ಪ್ರಶ್ನೆಯ ಸೂಚನೆಯನ್ನು ಶಾಸಕರು ಸಾಕಷ್ಟು ದಿನ ಮುಂಚೆ ಕೊಡಬೇಕು. ಹಾಗಾಗಿ ನಿಮ್ಮ ಕಾಗದ ಜೂನ್ ಮೊದಲ ವಾರದಲ್ಲಿ ಅವರ ಕೈಯಲ್ಲಿರಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುತ್ತದೆ, ಆದರೆ ಸರದಿ ಬಾರದೆ ಹೋಗಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ನಿಮಗೆ ಬೇಕಾದ ಲೆಕ್ಕಕ್ಕೆ ಅದೇ ಒಳ್ಳೆಯದು.

ಪ್ರಶ್ನೆಯನ್ನು ಹೀಗೆ ಬರೆದುಕೊಡಿ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯ ದಾಸ್ತಾನು ಎಷ್ಟು, ನವೆಂಬರ್ ಒಳಗೆ ಇನ್ನೆಷ್ಟು ಬರುತ್ತದೆ? ಶಿವಮೊಗ್ಗದ ವೈರಾಣು ಪ್ರಯೋಗಾಲಯದಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ಹೊಸ ಲಸಿಕೆಯ ಕೆಲಸ ಯಾವ ಹಂತದಲ್ಲಿದೆ, ಅದಕ್ಕೆ ಈ ವರ್ಷ ಬಿಡುಗಡೆಯಾದ ಹಣ ಎಷ್ಟು? ಈ ಮೂರಕ್ಕೂ ಅಂಕಿಗಳಲ್ಲಿ ಉತ್ತರ ಕೊಡಬೇಕು ಎಂದು ಸೇರಿಸಿ. ಲಿಖಿತ ಉತ್ತರ ಬಂದ ದಿನ ಅದನ್ನು ಪ್ರತಿ ಮಾಡಿಸಿ, ನಿಮ್ಮ ಆರೋಗ್ಯ ಕೇಂದ್ರದ ಗೋಡೆಗೂ ಪಂಚಾಯಿತಿಯ ಗೋಡೆಗೂ ಹಚ್ಚಿ. ನವೆಂಬರ್ ಕೊನೆಗೆ ಎಣ್ಣೆಯ ಡಬ್ಬ ಎಣಿಸಿ ನೋಡಿ, ಕಡಿಮೆ ಇದ್ದರೆ ಬೆಳಗಾವಿ ಅಧಿವೇಶನ ಮುಗಿಯುವ ಮುಂಚೆ ಶಾಸಕರಿಗೆ ತಿಳಿಸಿ.